ಫಾಂಟ್ ಬದಲಿಸಿದರೂ ಕನ್ನಡ ಯಾಕೆ ಬದಲಾಗುವುದಿಲ್ಲ?

"ಲಿನಕ್ಸ್ ಬಳಸುತ್ತೀರಲ್ಲ, ಕನ್ನಡಕ್ಕೆ ಯಾವ ಫಾಂಟ್ ಹಾಕಿಕೊಂಡಿದ್ದೀರಿ?" ಲಿನಕ್ಸ್ ಕಾರ್ಯವ್ಯವಸ್ಥೆಯ ಒಂದು ರೂಪವಾದ ಉಬುಂಟುವನ್ನು ಹೊಸದಾಗಿ ಹಾಕಿಸಿಕೊಂಡ ವಿದ್ಯಾರ್ಥಿಗಳು, ನಿವೃತ್ತಿಯ ನಂತರ ಬರವಣಿಗೆಗೆ ಕುಳಿತ ಹಿರಿಯರು, ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಪ್ರೋಗ್ರಾಮರುಗಳು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಹೆಸರು ಕೇಳಿಕೊಂಡು ಹೋದವರು ಆ ಫಾಂಟನ್ನು ಇಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಆರಿಸಿ, ಮರುದಿನ ಹಿಂದಿರುಗಿ "ಏನೂ ಬದಲಾಗಲಿಲ್ಲ" ಎನ್ನುತ್ತಾರೆ. ಅಥವಾ "ಇಂಗ್ಲಿಷ್ ಅಕ್ಷರಗಳು ಕೆಟ್ಟವು, ಕನ್ನಡ ಇದ್ದ ಹಾಗೆಯೇ ಇದೆ" ಎನ್ನುತ್ತಾರೆ. ಹಾಗಾಗಿ ನನ್ನ ಉತ್ತರ ಫಾಂಟಿನ ಹೆಸರಿನಿಂದ ಶುರುವಾಗುವುದಿಲ್ಲ. ನಿಮ್ಮ ಪರದೆಯ ಮೇಲೆ ಈಗ ಕನ್ನಡವನ್ನು ಬಿಡಿಸುತ್ತಿರುವ ಫಾಂಟ್ ಯಾವುದು? ಮೊದಲು ಇದು ಗೊತ್ತಾಗಬೇಕು.

ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸುವ ಫಾಂಟಿಗೂ ನಿಮಗೆ ಕಾಣುವ ಕನ್ನಡಕ್ಕೂ ಸಾಮಾನ್ಯವಾಗಿ ಯಾವ ಸಂಬಂಧವೂ ಇರುವುದಿಲ್ಲ. ಉಬುಂಟು 2010ರಿಂದ ತನ್ನದೇ ಹೆಸರಿನ ಫಾಂಟನ್ನು ಬಳಸುತ್ತಿದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಹುಕಾಲ ಕ್ಯಾಂಟರೆಲ್ ಬಳಸಿ, 2025ರ 48ನೇ ಆವೃತ್ತಿಯಲ್ಲಿ ಅದ್ವೈತ ಸ್ಯಾನ್ಸ್‌ಗೆ ಬದಲಾಯಿತು. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾ ನೋಟೊ ಸ್ಯಾನ್ಸ್ ಕೊಡುತ್ತದೆ. ಇವುಗಳಲ್ಲಿ ಒಂದರಲ್ಲೂ ಕನ್ನಡದ ಅಕ್ಷರಗಳಿಲ್ಲ. ನೋಟೊ ಸ್ಯಾನ್ಸ್ ಎಂಬ ಹೆಸರು ನೋಡಿ ಕನ್ನಡವೂ ಅದರೊಳಗೇ ಇರಬೇಕು ಎಂದುಕೊಳ್ಳುವವರು ಬಹಳ. ಕನ್ನಡಕ್ಕೆ ನೋಟೊ ಸ್ಯಾನ್ಸ್ ಕನ್ನಡ ಎಂಬ ಬೇರೆಯೇ ಕಡತವಿದೆ. ಹೀಗಾಗಿ ಮೇಷ್ಟ್ರು ರಜೆ ಹಾಕಿದ ದಿನ ಪಕ್ಕದ ತರಗತಿಯ ಮೇಷ್ಟ್ರು ಬಂದು ಕೂರುವಂತೆ, ನೀವು ಆರಿಸಿದ ಫಾಂಟಿನಲ್ಲಿ 'ಕ' ಸಿಗದಿದ್ದಾಗ ಬೇರೊಂದು ಫಾಂಟ್ ಬಂದು ಆ ಕೆಲಸ ಮಾಡುತ್ತದೆ. ಅದನ್ನು ಕರೆಸುವುದು ಫಾಂಟ್‌ಕಾನ್ಫಿಗ್ ಎಂಬ ತಂತ್ರಾಂಶ. ನಿಮ್ಮ ಕನ್ನಡ ಹೇಗೆ ಕಾಣಬೇಕು ಎಂಬುದನ್ನು ನಿರ್ಧರಿಸುವುದು ಅದು. ಕನ್ನಡವಿಲ್ಲದ ಫಾಂಟ್ ಆರಿಸಿದ್ದಾಗ ಸೆಟ್ಟಿಂಗ್ಸ್‌ನ ಪಟ್ಟಿಗೆ ಆ ಅಧಿಕಾರವಿಲ್ಲ.

ಅದು ಯಾವ ಫಾಂಟನ್ನು ಕರೆಸುತ್ತಿದೆ ಎಂದು ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಕೇಳಬಹುದು. ಎಫ್‌ಸಿ-ಲಿಸ್ಟ್ ಆದೇಶಕ್ಕೆ ಕನ್ನಡದ ಭಾಷಾ ಸಂಕೇತವಾದ 'ಕೆಎನ್' ಕೊಟ್ಟರೆ ಯಂತ್ರದಲ್ಲಿರುವ ಎಲ್ಲ ಕನ್ನಡ ಫಾಂಟ್‌ಗಳ ಪಟ್ಟಿ ಬರುತ್ತದೆ. ಎಫ್‌ಸಿ-ಮ್ಯಾಚ್ ಆದೇಶಕ್ಕೆ 'ಸ್ಯಾನ್ಸ್-ಸೆರಿಫ್' (ಅಕ್ಷರದ ತುದಿಗಳಲ್ಲಿ ಪುಟ್ಟ ಗೆರೆಗಳಿಲ್ಲದ ಬಗೆ) ಎಂಬ ಹೆಸರನ್ನೂ ಅದೇ ಸಂಕೇತವನ್ನೂ ಕೊಟ್ಟರೆ, ಆ ಪಟ್ಟಿಯಿಂದ ಆಯ್ಕೆಯಾಗುವ ಒಂದು ಹೆಸರು ಬರುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಎಫ್‌ಸಿ-ಮ್ಯಾಚ್‌ಗೆ ಭಾಷೆಯನ್ನು ಹೇಳದೆಯೂ ಒಮ್ಮೆ ಕೇಳಿ, ಪೂರ್ತಿ ಸರದಿಯನ್ನು ತೋರಿಸು ಎನ್ನಿ. ನಮ್ಮಲ್ಲಿ ಹೆಚ್ಚಿನವರ ಯಂತ್ರದ ಭಾಷೆ ಇಂಗ್ಲಿಷ್. ಆಗ ಫಾಂಟ್‌ಕಾನ್ಫಿಗ್ ಕನ್ನಡಕ್ಕೆಂದು ವಿಶೇಷ ಆದ್ಯತೆ ಕೊಡದೆ ಸರದಿಯನ್ನು ಸಿದ್ಧಪಡಿಸುತ್ತದೆ, ಆ ಸರದಿಯಲ್ಲಿ ಕನ್ನಡವಿರುವ ಯಾವ ಫಾಂಟ್ ಮೊದಲು ಎದುರಾಗುತ್ತದೋ ಅದೇ ನಿಮ್ಮ ಪಾಲಿಗೆ ಬರುತ್ತದೆ. ಅದು ಒಳ್ಳೆಯ ಫಾಂಟೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಕನ್ನಡ ಫಾಂಟ್‌ಗಳ ಒಟ್ಟು ಪ್ಯಾಕೇಜನ್ನು ಹಾಕಿಕೊಂಡರೆ ಲೋಹಿತ್, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ. ನವಿಲು ಕೈಬರಹದ ಶೈಲಿಯದು. ಆಮಂತ್ರಣಕ್ಕೆ ಚೆನ್ನ, ಆದರೆ ಕಡತಗಳ ಹೆಸರು, ಮೆನು, ಸುದ್ದಿ ಎಲ್ಲವೂ ಕೈಬರಹದಲ್ಲಿ ಕಾಣಿಸಿಕೊಂಡರೆ ಕಣ್ಣಿಗೆ ಕಷ್ಟ.

ಪರಿಹಾರ ಒಂದು ಪುಟ್ಟ ಕಡತದಲ್ಲಿದೆ. ನಿಮ್ಮ ಮನೆ ಕೋಶದ (ಹೋಮ್ ಫೋಲ್ಡರ್) ಕಾನ್ಫಿಗ್ ಉಪಕೋಶದಲ್ಲಿ ಫಾಂಟ್‌ಕಾನ್ಫಿಗ್ ಎಂಬ ಕೋಶ ಮಾಡಿ, ಅಲ್ಲಿ ನಿಮ್ಮ ಸ್ವಂತ ನಿಯಮಗಳನ್ನು ಬರೆದಿಡಬಹುದು. ಸ್ಯಾನ್ಸ್-ಸೆರಿಫ್ ಎಂದು ಯಾರಾದರೂ ಕೇಳಿದರೆ ಮೊದಲು ನಿಮಗಿಷ್ಟವಾದ ರೋಮನ್ ಫಾಂಟ್, ಅದರ ಬೆನ್ನಿಗೇ ನಿಮಗಿಷ್ಟವಾದ ಕನ್ನಡ ಫಾಂಟ್ ಎಂಬ ಕ್ರಮವನ್ನು ಹೇಳಿ. ತುದಿಗೆರೆಗಳಿರುವ ಸೆರಿಫ್ ಮತ್ತು ಸಮ ಅಗಲದ ಮಾನೋಸ್ಪೇಸ್‌ಗೂ ಹಾಗೆಯೇ. ಈ ಕ್ರಮ ತಿರುಗುಮುರುಗು ಆಗಬಾರದು. ಹಲವು ಕನ್ನಡ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳೂ ಇರುತ್ತವೆ. ಕನ್ನಡದ್ದನ್ನು ಮೊದಲಿಗಿಟ್ಟರೆ ಇಡೀ ಡೆಸ್ಕ್‌ಟಾಪಿನ ಇಂಗ್ಲಿಷ್ ಆ ರೂಪಕ್ಕೆ ತಿರುಗುತ್ತದೆ. "ಇಂಗ್ಲಿಷ್ ಕೆಟ್ಟಿತು" ಎಂಬ ದೂರಿನ ಮೂಲ ಇದೇ. ಕಡತ ಉಳಿಸಿದ ಮೇಲೆ ಎಫ್‌ಸಿ-ಕ್ಯಾಶ್ ಆದೇಶ ಕೊಟ್ಟು, ತೆರೆದಿರುವ ತಂತ್ರಾಂಶಗಳನ್ನು ಮುಚ್ಚಿ ತೆರೆಯಿರಿ. ಹೊಸ ಫಾಂಟ್ ಕಡತಗಳನ್ನು ಇಡುವುದಕ್ಕೂ ಮನೆ ಕೋಶದೊಳಗೇ ಜಾಗವಿದೆ, ಅದಕ್ಕೆ ನಿರ್ವಾಹಕರ ಪಾಸ್‌ವರ್ಡ್ ಬೇಕಿಲ್ಲ.

ಈ ನಿಯಮಗಳನ್ನು ಮೀರಿ ನಡೆಯುವ ಎರಡು ತಂತ್ರಾಂಶಗಳಿವೆ, ಇವೆರಡೂ ನಾವು ಹೆಚ್ಚು ಹೊತ್ತು ಕಳೆಯುವ ಜಾಗಗಳು. ಫೈರ್‌ಫಾಕ್ಸ್‌ನಲ್ಲಿ ಪ್ರತಿ ಲಿಪಿಗೂ ಪ್ರತ್ಯೇಕ ಫಾಂಟ್ ಆಯ್ಕೆ ಇದೆ. ಫಾಂಟ್‌ಗಳ ಸುಧಾರಿತ ಆಯ್ಕೆಗಳನ್ನು ತೆರೆದು ಲಿಪಿಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ ಬೇಕಾದ್ದನ್ನು ಕೊಡಬೇಕು. ಲಿಬ್ರೆಆಫೀಸ್ ಕನ್ನಡವನ್ನು 'ಸಂಕೀರ್ಣ ಲಿಪಿ' ಎಂಬ ಗುಂಪಿಗೆ ಸೇರಿಸಿ, ಅದಕ್ಕೆ ಬೇರೆ ಫಾಂಟ್, ಬೇರೆ ಗಾತ್ರ ಇಟ್ಟುಕೊಂಡಿರುತ್ತದೆ. ಪಾಶ್ಚಾತ್ಯ ಫಾಂಟಿನ ಗಾತ್ರ ಹಿಗ್ಗಿಸಿದರೂ ಕನ್ನಡ ಹಿಗ್ಗದಿರುವುದಕ್ಕೆ ಕಾರಣ ಇದು. ಆ ಗುಂಪಿನ ಆಯ್ಕೆಗಳೇ ಕಾಣದಿದ್ದರೆ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೊದಲು ಚಾಲೂ ಮಾಡಬೇಕು.

ಈಗ ನನ್ನ ಆಯ್ಕೆಗೆ ಬರುತ್ತೇನೆ. ಮೆನು, ಕಡತಗಳ ಹೆಸರು, ಬ್ರೌಸರ್, ಮಿಂಚಂಚೆ ಇವೆಲ್ಲಕ್ಕೆ ನಾನು ಬಳಸುವುದು ನೋಟೊ ಸ್ಯಾನ್ಸ್ ಕನ್ನಡ. ಲೋಹಿತ್ ಬಗ್ಗೆ ನನಗೆ ದೊಡ್ಡ ಗೌರವವಿದೆ. ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿ 2004ರಲ್ಲಿ ಆ ಫಾಂಟ್‌ಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಆಗ ಅವು ಇರದೇ ಹೋಗಿದ್ದರೆ ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳನ್ನು ಓದುವುದೇ ದುಸ್ತರವಾಗುತ್ತಿತ್ತು. ಆದರೆ ಲೋಹಿತ್ ಕನ್ನಡದಲ್ಲಿ ಇರುವುದು ಒಂದೇ ದಪ್ಪ. ದಪ್ಪಕ್ಷರ ಬೇಕಾದಾಗ ಯಂತ್ರವೇ ಗೆರೆಗಳನ್ನು ಉಬ್ಬಿಸಿ ಕೃತಕವಾಗಿ ದಪ್ಪ ಮಾಡುತ್ತದೆ. ರೋಮನ್ ಅಕ್ಷರ ಈ ಉಬ್ಬನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ಕಥೆ ಬೇರೆ. ದ, ಧ, ಥ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಒಂದು ಸೀಳು, ಒಂದು ಚುಕ್ಕೆ. ಪ, ಫ, ಷಗಳದ್ದೂ ಅದೇ ಸ್ಥಿತಿ. ಸಣ್ಣ ಗಾತ್ರದಲ್ಲಿ ಕೃತಕವಾಗಿ ಉಬ್ಬಿಸಿದರೆ ಆ ಸೀಳು ತುಂಬಿಹೋಗುತ್ತದೆ, ಚುಕ್ಕೆ ಕರಗುತ್ತದೆ, ಓದುವವರು ಸಂದರ್ಭ ನೋಡಿ ಊಹಿಸಬೇಕಾಗುತ್ತದೆ. ನೋಟೊ ಸ್ಯಾನ್ಸ್ ಕನ್ನಡದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಒಂಬತ್ತು ಹಂತಗಳಿವೆ, ದಪ್ಪಕ್ಷರದ ರೂಪವನ್ನು ವಿನ್ಯಾಸಕಾರರೇ ರೂಪಿಸಿದ್ದಾರೆ. ಶೀರ್ಷಿಕೆಗಳ ತುಂಬ ದಪ್ಪಕ್ಷರವಿರುವ ಸುದ್ದಿತಾಣವನ್ನು ತೆರೆದ ಕೂಡಲೇ ವ್ಯತ್ಯಾಸ ಎದ್ದು ಕಾಣುತ್ತದೆ. ಫೆಡೋರಾ ಎಂಬ ಲಿನಕ್ಸ್ 2022ರಲ್ಲಿ ತನ್ನ 36ನೇ ಆವೃತ್ತಿಯಿಂದ ಬಹಳಷ್ಟು ಭಾಷೆಗಳಿಗೆ ನೋಟೊವನ್ನೇ ಮೊದಲ ಆಯ್ಕೆಯಾಗಿ ಮಾಡಿಕೊಂಡಿದ್ದು ನನಗೆ ಸಮಾಧಾನ ತಂದ ನಿರ್ಧಾರ.

ದೀರ್ಘ ಓದಿಗೆ ನೋಟೊ ಸ್ಯಾನ್ಸ್ ನನಗೆ ಒಗ್ಗುವುದಿಲ್ಲ. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮ ಇರುವುದರಿಂದ ಪುಟ ತುಂಬ ನಿರ್ಭಾವವಾಗಿ ಕಾಣುತ್ತದೆ. ಕಾದಂಬರಿ, ಪ್ರಬಂಧಗಳಿಗೆ ತೀರೊ ಕನ್ನಡ ಹಾಕಿಕೊಳ್ಳುತ್ತೇನೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ ಪ್ರಕಟಣೆಗಳಿಗಾಗಿ ತೀರೊ ಟೈಪ್‌ವರ್ಕ್ಸ್ ರೂಪಿಸಿದ ಫಾಂಟ್‌ಗಳ ಕುಟುಂಬದ್ದು ಅದು. ಗೆರೆಯ ಏರಿಳಿತದಲ್ಲಿ ಹಳೆಯ ಮೊಳೆಯಚ್ಚಿನ ಪುಸ್ತಕಗಳ ಘನತೆ ಇದೆ. ದಪ್ಪಕ್ಷರದ ರೂಪ ಅದರಲ್ಲಿಲ್ಲ, ಆದ್ದರಿಂದ ಮೆನುಗಳಿಗೆ ಅದನ್ನು ಇಡಬೇಡಿ. ಚಿಕ್ಕ ಪರದೆಯಲ್ಲಿ ಅಗಲ ಉಳಿಸಬೇಕೆನ್ನುವವರು ಅನೇಕ್ ಕನ್ನಡ ನೋಡಬಹುದು. ದಪ್ಪದ ಜೊತೆಗೆ ಅಗಲವನ್ನೂ ಹೊಂದಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ. ಇವೆಲ್ಲವೂ ಮುಕ್ತ ಪರವಾನಗಿಯವು, ಹಣ ಕೊಡಬೇಕಿಲ್ಲ.

ಯಾವ ಫಾಂಟಾದರೂ ಸರಿ, ಆರಿಸುವ ಮುನ್ನ 'ರ‍್ಯಾಂಕ್' ಎಂದು ಬರೆದು ನೋಡುತ್ತೇನೆ. ಕನ್ನಡದಲ್ಲಿ ರಕಾರದ ಮೇಲೆ ಹಲಂತ ಬಂದು ಮತ್ತೊಂದು ವ್ಯಂಜನ ಸೇರಿದರೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಮಾನಕ) ನಿಯಮದಂತೆ ಅರ್ಕಾವತ್ತು ಮೂಡುತ್ತದೆ. 'ಸೂರ್ಯ', 'ಕಾರ್ಯ' ಇವುಗಳಲ್ಲಿ ಅದೇ ಬೇಕು. ಆದರೆ 'ರ‍್ಯಾಂಕ್', 'ರ‍್ಯಾಲಿ'ಗಳಲ್ಲಿ ರ ಪೂರ್ಣವಾಗಿ ನಿಂತು, ಯ ಒತ್ತಾಗಿ ಕೆಳಗೆ ಬರಬೇಕು. ಅದಕ್ಕಾಗಿ ರಕಾರದ ಬಳಿಕ ಕಣ್ಣಿಗೆ ಕಾಣದ ಜಾಯ್ನರ್ ಎಂಬ ಅಕ್ಷರವನ್ನು ಸೇರಿಸುತ್ತಾರೆ. ಹಳೆಯ ಫಾಂಟ್ ಆದರೆ ಅಲ್ಲಿ ಚುಕ್ಕೆಗಳ ವೃತ್ತವೊಂದು ಕಾಣಿಸಬಹುದು, ಒತ್ತು ಬೇರೆ ಕಡೆ ಕೂತುಕೊಳ್ಳಬಹುದು. ಎರಡನೆಯದು 'ಬಸ್‌ನಲ್ಲಿ'. ಇಲ್ಲಿ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯ್ನರ್ ಇರುತ್ತದೆ, ಅದು ಇಲ್ಲದಿದ್ದರೆ 'ಬಸ್ನಲ್ಲಿ' ಆಗುತ್ತದೆ. ಮೂರನೆಯದು 'ರಾಷ್ಟ್ರ'. ಒಂದರ ಕೆಳಗೊಂದು ಒತ್ತು ಬಂದಾಗ ಫಾಂಟ್ ಅವನ್ನು ಹೇಗೆ ಜೋಡಿಸುತ್ತದೆ, ಪಕ್ಕದ ಅಕ್ಷರಕ್ಕೆ ತಾಗಿಸುತ್ತದೆಯೇ ಎಂದು ಅಲ್ಲಿ ಗೊತ್ತಾಗುತ್ತದೆ. ಹಳಗನ್ನಡ ಓದುವವರು ಱ ಮತ್ತು ೞ ಎರಡನ್ನೂ ಸೇರಿಸಿ ನೋಡಬೇಕು. ಅವು ಪಕ್ಕದ ಅಕ್ಷರಗಳಿಗಿಂತ ಬೇರೆ ದಪ್ಪದಲ್ಲಿ ಕಂಡರೆ, ಬೇರೆ ಫಾಂಟಿನಿಂದ ಬಂದಿವೆ ಎಂದೇ ಅರ್ಥ.

ಕಾಣದ ಈ ಅಕ್ಷರಗಳಿಂದ ಇನ್ನೊಂದು ತೊಂದರೆಯಿದೆ, ಅದನ್ನು ಫಾಂಟಿನ ತಪ್ಪೆಂದು ತಿಳಿಯುವವರಿದ್ದಾರೆ. ಕಡತದಲ್ಲಿ ಕಣ್ಣೆದುರಿಗೇ ಇರುವ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಹುಡುಕುವಾಗ ನಾನ್-ಜಾಯ್ನರ್ ಇಲ್ಲದೆ ಬರೆದಿದ್ದರೆ ಗ್ರೆಪ್‌ನಂಥ ಸಾಧನಕ್ಕೆ ಅವೆರಡೂ ಬೇರೆ ಬೇರೆ ಪದಗಳು. 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳ ಜೋಡಿಯಾಗಿ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಪದ ಸಿಗದಿದ್ದಾಗ ಅದರ ಒಂದು ತುಂಡನ್ನು ಮಾತ್ರ ಹುಡುಕಿ ನೋಡಿ.

ಸಾಲಿನ ಎತ್ತರದ ಬಗ್ಗೆಯೂ ಕೇಳುತ್ತಾರೆ. ಕನ್ನಡಕ್ಕೆ ತಲೆಯ ಮೇಲೂ ಜಾಗ ಬೇಕು, ಪಾದದ ಕೆಳಗೂ ಬೇಕು. ಇಂಗ್ಲಿಷಿಗೆ ಅಳತೆ ಮಾಡಿದ ಬಟನ್‌ಗಳಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಪಠ್ಯ ಸಂಪಾದಕಗಳಲ್ಲಿ ಸಾಲಿನ ಎತ್ತರವನ್ನು ಅಕ್ಷರ ಗಾತ್ರದ ಒಂದೂಮುಕ್ಕಾಲು ಪಟ್ಟಿನ ಆಸುಪಾಸು ಇಟ್ಟುಕೊಳ್ಳಿ. ಅಕ್ಷರದ ಗೆರೆಗಳನ್ನು ಪರದೆಯ ಪಿಕ್ಸೆಲ್‌ಗಳಿಗೆ ಹೊಂದಿಸುವ ಹಿಂಟಿಂಗ್ ಎಂಬ ಆಯ್ಕೆಯನ್ನು 'ಸ್ಲೈಟ್'ನಲ್ಲಿಡಿ. 'ಫುಲ್' ಮಾಡಿದರೆ ನಮ್ಮ ದುಂಡು ಅಕ್ಷರಗಳು ಪಿಕ್ಸೆಲ್ ಚೌಕಟ್ಟಿಗೆ ಸಿಕ್ಕಿ ಮೂಲೆಗಳನ್ನು ಬೆಳೆಸಿಕೊಳ್ಳುತ್ತವೆ.

ಟರ್ಮಿನಲ್‌ನಲ್ಲಿ ಕನ್ನಡ ಸರಿ ಮಾಡಿಕೊಡಿ ಎಂದರೆ ಪೂರ್ಣ ಪರಿಹಾರ ಕೊಡಲಾರೆ. ಟರ್ಮಿನಲ್ ಎಂದರೆ ಸಮ ಅಗಲದ ಮನೆಗಳ ಜಾಲ. 'ಸ್ತ್ರೀ' ಎಂಬ ಒಂದು ಅಕ್ಷರದಲ್ಲಿ ಆರು ಸಂಕೇತಗಳಿವೆ. ಅದಕ್ಕೆ ಎಷ್ಟು ಮನೆ ಕೊಡಬೇಕೆಂಬುದರಲ್ಲಿ ಟರ್ಮಿನಲ್‌ಗೂ ಅದರೊಳಗೆ ಓಡುವ ತಂತ್ರಾಂಶಕ್ಕೂ ಒಮ್ಮತವಿಲ್ಲದಿದ್ದರೆ ಕರ್ಸರ್ ಒಂದೆಡೆ, ಅಕ್ಷರ ಇನ್ನೊಂದೆಡೆ ಆಗುತ್ತದೆ. ಕನ್ನಡ ಬರೆಯುವ ಕೆಲಸವನ್ನು ಕಿಟಕಿ ಇರುವ ಸಂಪಾದಕಕ್ಕೆ ಬಿಡುವುದು ಸದ್ಯಕ್ಕೆ ಒಳ್ಳೆಯದು.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳು ಅಪರಿಚಿತ ಇಂಗ್ಲಿಷ್ ಚಿಹ್ನೆಗಳಾಗಿ ತೆರೆದುಕೊಂಡರೆ ಅದೂ ಬೇರೆ ಜಾತಿಯ ಸಮಸ್ಯೆ. ಅಲ್ಲಿ ನಿಜಕ್ಕೂ ಉಳಿದಿರುವುದು ರೋಮನ್ ಸಂಕೇತಗಳು, ಆ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟಿರುತ್ತದೆ. ಹಳೆಯ ಫಾಂಟ್ ಹಾಕಿಕೊಂಡರೆ ಓದಬಹುದು, ಹುಡುಕಲಾಗದು. ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಿ, ಮುಕ್ತ ಪರಿವರ್ತಕಗಳು ಸಿಗುತ್ತವೆ. ಪಿಡಿಎಫ್ ಆದರೆ ಪಿಡಿಎಫ್‌ಫಾಂಟ್ಸ್ ಆದೇಶ ಕೊಟ್ಟು, ಫಾಂಟ್ ಕಡತದೊಳಗೇ ಅಡಕವಾಗಿದೆಯೇ ಎಂದು ನೋಡಿ. ಇಲ್ಲವೆಂದಿದ್ದರೆ ಕಳಿಸಿದವರನ್ನೇ ಕೇಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪದ ತಪ್ಪಾಗಿಯೇ ಕಂಡರೆ, ಸುಮ್ಮನಾಗಬೇಡಿ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಗ್ನೋಮ್, ಕೆಡಿಇ ಎಲ್ಲವೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶವನ್ನು ನಂಬಿವೆ. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಲ್ಲಿ ಎಲ್ಲ ವೇದಿಕೆಗಳಲ್ಲೂ ಅದಕ್ಕೆ ಬದಲಾಯಿತು. ಆದ್ದರಿಂದ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಕಂಡರೆ ಅವೆರಡೂ ಬೇರೆ ಬೇರೆ ಫಾಂಟ್ ಬಳಸುತ್ತಿವೆಯೇ ಎಂದು ಮೊದಲು ಅನುಮಾನಿಸಿ. ಹಾರ್ಫ್‌ಬಜ್ ಜೊತೆಗೆ ಬರುವ ಎಚ್‌ಬಿ-ವ್ಯೂ ಎಂಬ ಸಾಧನಕ್ಕೆ ಫಾಂಟಿನ ಕಡತವನ್ನೂ ಆ ಪದವನ್ನೂ ಕೊಟ್ಟು ನೋಡಿ. ಅಲ್ಲಿಯೂ ತಪ್ಪಿದ್ದರೆ ದೋಷ ಹೆಚ್ಚಾಗಿ ಫಾಂಟಿನದು, ಅಲ್ಲಿ ಸರಿಯಿದ್ದರೆ ನೀವು ಬಳಸುತ್ತಿರುವ ತಂತ್ರಾಂಶದ್ದು. ಯಾರಿಗೆ ದೂರು ಕೊಡಬೇಕೆಂಬುದು ಇದರಿಂದ ತೀರ್ಮಾನವಾಗುತ್ತದೆ. ದೂರಿನಲ್ಲಿ ಆ ಪದವನ್ನು ಪಠ್ಯವಾಗಿಯೇ ಅಂಟಿಸಿ, ಫಾಂಟಿನ ಆವೃತ್ತಿಯನ್ನು ಬರೆಯಿರಿ, ಪರದೆಯ ಚಿತ್ರ ಸೇರಿಸಿ. ಓದುವ ಅಭಿವರ್ಧಕರಿಗೆ ಕನ್ನಡ ಬಾರದಿರಬಹುದು, ತಪ್ಪು ರೂಪವೊಂದನ್ನೇ ನೋಡಿದರೆ ಅವರಿಗೆ ಅದರಲ್ಲಿ ತಪ್ಪೇನೆಂದು ತಿಳಿಯುವುದಿಲ್ಲ. ಪಕ್ಕದಲ್ಲಿ ಸರಿಯಾದ ರೂಪವನ್ನೂ ಇಡಿ. ಅಚ್ಚಾದ ಪುಸ್ತಕದ ಒಂದು ಸಾಲಿನ ಫೋಟೊ ಆದರೂ ಸಾಕು.