ಬಚ್ಚಲುಮನೆಯ ಫಿಟ್ಸು

ಫೋನಿನಲ್ಲಿ ‘ತಲೆಸ್ನಾನ ಮಾಡುವಾಗ ಫಿಟ್ಸ್’ ಎಂದು ಕನ್ನಡದಲ್ಲೇ ಬರೆದು ಹುಡುಕಿದೆ. ಮೊದಲು ಸಿಕ್ಕಿದ್ದು ಈರುಳ್ಳಿ. ಈರುಳ್ಳಿ ರಸವನ್ನು ಮೂಗಿಗೆ ಬಿಟ್ಟರೆ ತಕ್ಷಣ ಎಚ್ಚರವಾಗುತ್ತದೆ ಎಂದು ಒಬ್ಬರು ಕ್ಯಾಮೆರಾ ಮುಂದೆ ಈರುಳ್ಳಿ ಹೆಚ್ಚುತ್ತಾ ಹೇಳುತ್ತಿದ್ದರು. ಅದರ ಕೆಳಗೆ ಕಬ್ಬಿಣದ ಬೀಗದ ಕೈ. ಅದರ ಕೆಳಗೆ ನಿಂಬೆಹಣ್ಣು ಮತ್ತು ಯಾವುದೋ ಗುಡಿಯ ವಿಳಾಸ. ಆಮೇಲೆ ‘ಅಪಸ್ಮಾರ ಬುಡಸಮೇತ ಗುಣ, ಪುಡಿ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ, ಇಂಗ್ಲಿಷ್ ಮಾತ್ರೆ ಇವತ್ತೇ ನಿಲ್ಲಿಸಿ’ ಎಂಬ ಜಾಹೀರಾತು. ಅಪಸ್ಮಾರ ಅಂದರೆ ಫಿಟ್ಸು ಪದೇ ಪದೇ ಬರುವ ಕಾಯಿಲೆ. ಮದ್ದೂರು ಕಡೆಯ ನಮ್ಮೂರಿನಲ್ಲಿ ಅಕ್ಕನ ಮನೆ ಜಗಲಿ ಮೇಲೆ ಕೂತಿದ್ದೆ. ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಒಳಗೆ ಅಕ್ಕನ ಮಗಳು, ಹನ್ನೆರಡು ವರ್ಷದ ಹುಡುಗಿ, ಸುಸ್ತಾಗಿ ಮಲಗಿದ್ದಳು.

ಅವತ್ತು ಭಾನುವಾರ. ನಮ್ಮವ್ವ ಮೊಮ್ಮಗಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಬಿಸಿಲಲ್ಲಿ ಕೂರಿಸಿ, ಆಮೇಲೆ ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳು. ಹಂಡೆ ಒಲೆಗೆ ತೆಂಗಿನ ಮಟ್ಟೆ ತುಂಬಿ ಬೆಳಿಗ್ಗೆಯಿಂದ ಕಾಯಿಸಿದ ನೀರು. ಅವ್ವನ ಪ್ರಕಾರ ನೀರು ಅಂದರೆ ಮೈ ಕೆಂಪಗಾಗಬೇಕು. ಚೊಂಬಿನ ಮೇಲೆ ಚೊಂಬು ಬಿಡುವು ಕೊಡದೆ ತಲೆಗೆ ಹುಯ್ಯುತ್ತಿದ್ದಾಗ ಹುಡುಗಿ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳಂತೆ. ಕಣ್ಣು ಗೋಡೆಯ ಮೇಲೆ ನೆಟ್ಟವು. ತುಟಿ ಚಪ್ಪರಿಸುತ್ತಾ, ಅರ್ಥವಿಲ್ಲದ ಒಂದೆರಡು ಮಾತು ಒದರುತ್ತಾ, ಇನ್ನೂ ಹುಯ್ಯಿ ಎನ್ನುವ ಹಾಗೆ ಅವಳೇ ಚೊಂಬಿಗೆ ಕೈ ಚಾಚಿದಳು. ಆಮೇಲೆ ಮೈಯೆಲ್ಲ ಸೆಟೆದುಕೊಂಡು ಒದ್ದಾಡತೊಡಗಿತು. ಅವ್ವ ಕೂಗಿಕೊಂಡಾಗ ನಾನು ಅಂಗಳದಲ್ಲಿದ್ದೆ. ಓಡಿಹೋಗಿ ನೋಡುವಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬೀಗದ ಕೈ ತಂದು ಹುಡುಗಿಯ ಮುಷ್ಟಿ ಬಿಡಿಸಿ ಅದರೊಳಗೆ ತುರುಕುತ್ತಿದ್ದಳು. ಎರಡು ನಿಮಿಷವೂ ಆಗಿರಲಿಲ್ಲ, ಒದ್ದಾಟ ನಿಂತಿತು. ಅದು ತಾನಾಗಿಯೇ ನಿಲ್ಲುವ ಹೊತ್ತು. ಆದರೆ ಹೆಸರು ಬಂದದ್ದು ಬೀಗದ ಕೈಗೆ.

ಇದು ಮೊದಲ ಸಲವಲ್ಲ ಎಂಬುದು ಆಗ ಹೊರಗೆ ಬಂತು. ಹಿಂದೆ ಬಿದ್ದಾಗಲೂ ಬಚ್ಚಲಲ್ಲೇ ಬಿದ್ದಿದ್ದಳು. ಪಾಚಿಗೆ ಕಾಲು ಜಾರಿತು ಅಂತ ಭಾವ ಅಂದುಕೊಂಡಿದ್ದರು, ಗಾಳಿ ಸೋಕಿದೆ ಅಂತ ಅವ್ವ ತಾಯತ ಕಟ್ಟಿಸಿದ್ದಳು. ಪೇಟೆಯ ಕ್ಲಿನಿಕ್ಕಿನಲ್ಲಿ ‘ಬಿಸಿಗೆ ತಲೆ ಸುತ್ತಿದೆ, ರಕ್ತ ಕಮ್ಮಿ’ ಎಂದು ಟಾನಿಕ್ ಬರೆದುಕೊಟ್ಟು ಕಳಿಸಿದ್ದರು. ಬಿದ್ದ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಆ ಜಾಗದಲ್ಲೇ ಯಾಕೆ ಎಂದು ಯಾರೂ ಕೇಳಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದವನು. ಬಿಲ್ಲು ಕೈಗೆ ಬಂದರೆ ಮೊತ್ತಕ್ಕಿಂತ ಮುಂಚೆ ತಾರೀಕು, ಸಹಿ, ಸೀಲು ನೋಡುವುದು ರೂಢಿ. ಆ ರಾತ್ರಿ ಫೋನಿನಲ್ಲಿ ತೆರೆದದ್ದನ್ನೆಲ್ಲ ಬಿಲ್ಲು ನೋಡುವ ಕಣ್ಣಲ್ಲೇ ನೋಡಿದೆ. ಬರೆದವರು ಯಾರು, ಯಾವಾಗ ಬರೆದದ್ದು, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರಾ? ಇಷ್ಟರಿಂದಲೇ ಮುಕ್ಕಾಲು ಪಾಲು ಉದುರಿಹೋಯಿತು. ಬುಡಸಮೇತ ಗುಣ ಎನ್ನುವ ಪುಡಿಯವರಂತೂ ಕಾನೂನನ್ನೇ ಮೀರಿದವರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಅಪಸ್ಮಾರವೂ ಇದೆ, ಫಿಟ್ಸ್ ಎಂದು ಬೇರೆಯಾಗಿಯೂ ಇದೆ. ಇವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಹಾಕುವುದೇ ಅಪರಾಧ. ಇಂಥ ಕೆಲವು ಗಿಡಮೂಲಿಕೆ ಪುಡಿಗಳನ್ನು ಪರೀಕ್ಷೆ ಮಾಡಿದಾಗ ಒಳಗೆ ಫೀನೋಬಾರ್ಬಿಟೋನ್ ಸಿಕ್ಕಿದ್ದೂ ಇದೆ. ಅಂದರೆ ಅದೇ ಇಂಗ್ಲಿಷ್ ಮಾತ್ರೆ, ಎಷ್ಟು ಹಾಕಿದ್ದಾರೆಂದು ಯಾರಿಗೂ ಗೊತ್ತಿಲ್ಲದ ಹಾಗೆ. ಮಾತ್ರೆ ತೆಗೆದುಕೊಳ್ಳುವವರು ಅದನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸು ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತಾಗಬಹುದು. ‘ಇವತ್ತೇ ನಿಲ್ಲಿಸಿ’ ಎಂದು ಎಲ್ಲಿ ಕಂಡರೂ ಅಲ್ಲಿಂದ ಎದ್ದು ಬರಬೇಕು. ಇದಕ್ಕೆ ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ಹುಡುಕಿದಾಗ ಸರಕು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪುಟವೊಂದನ್ನು ಪೂರ್ತಿ ಓದಿದೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ, ಸರಿಯಾಗಿ ಪತ್ತೆಯಾಗಿ ಔಷಧ ಸಿಕ್ಕರೆ ಅವರಲ್ಲಿ 100ಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು, ವರ್ಷಕ್ಕೆ 5 ಡಾಲರಿನಷ್ಟು ಅಗ್ಗದ ಔಷಧವೂ ಇದೆ. ಈ 70ರ ಲೆಕ್ಕವನ್ನು ಒಳಗೆ ಹೋಗಿ ಅಕ್ಕನಿಗೆ ಹೇಳಿದೆ. ಬೆಳಗಿನಿಂದ ಅವಳ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದೇ ಇರಬೇಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರ ಮೆಡ್‌ಲೈನ್‌ಪ್ಲಸ್ ಎಂಬುದೂ ಚೆನ್ನಾಗಿದೆ. ಜಾಹೀರಾತಿಲ್ಲ, ಪುಟ ಪರಿಶೀಲಿಸಿದ ತಾರೀಕು ಕೆಳಗೇ ಇರುತ್ತದೆ.

ಆದರೆ ಪರದೇಶದ ಪುಟಗಳ ಲೋಕವೇ ಬೇರೆ. ಅಲ್ಲಿ ಮಿನುಗುವ ದೀಪ, ವಿಡಿಯೊ ಗೇಮ್, ಕಾರಿನ ಲೈಸೆನ್ಸು. ಬೆಳಕಿನ ಮಿನುಗಿಗೆ ಫಿಟ್ಸು ಬರುವುದು ಈ ಕಾಯಿಲೆಯವರಲ್ಲಿ 100ಕ್ಕೆ 3 ಜನರಿಗೆ ಮಾತ್ರ ಎಂದು ಅವರೇ ಬರೆಯುತ್ತಾರೆ, ಮತ್ತೆ ಮಾತೆಲ್ಲ ಅದರ ಸುತ್ತಲೇ. ಸ್ನಾನದ ಬಗ್ಗೆಯೂ ಇತ್ತು: ಟಬ್ಬಿನಲ್ಲಿ ಮಲಗಬೇಡಿ, ಮುಳುಗಿಹೋಗಬಹುದು, ಷವರ್ ಬಳಸಿ. ಸರಿಯಾದ ಮಾತೇ. ಆದರೆ ಸ್ನಾನದ ಹೊತ್ತಿನಲ್ಲಿ ಫಿಟ್ಸು ಬಂದರೆ ಏನು ಮಾಡಬೇಕೆಂದು ಅವರು ಹೇಳುತ್ತಿದ್ದರು. ನನಗೆ ಬೇಕಿದ್ದದ್ದು ಸ್ನಾನದಿಂದಲೇ ಫಿಟ್ಸು ಬರುತ್ತದಾ ಎಂಬುದು.

ಕೊನೆಗೆ ಇಂಗ್ಲಿಷಿನಲ್ಲೇ ‘ಬಿಸಿನೀರು’, ‘ಅಪಸ್ಮಾರ’ ಎಂಬ ಎರಡೇ ಪದ ಹಾಕಿ, ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿದೆ. ಸಾಲುಸಾಲಾಗಿ ಬಂದವು. ಮೇಲಿಂದ ಕೆಳಕ್ಕೆ ಕಣ್ಣಾಡಿಸುತ್ತಾ ಹೋದರೆ ಎಲ್ಲೆಲ್ಲೂ ಬೆಂಗಳೂರು, ನಿಮ್ಹಾನ್ಸ್, ದಕ್ಷಿಣ ಭಾರತ. ಈ ಫಿಟ್ಸಿಗೆ ಹೆಸರೇ ಬಿಸಿನೀರಿನ ಅಪಸ್ಮಾರ. ಡಾ. ಕೆ.ಎಸ್. ಮಣಿ ಮತ್ತು ಜೊತೆಯವರು ಇದರ ಬಗ್ಗೆ 1968ರಲ್ಲೇ ಬರೆದಿದ್ದಾರೆ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಒಟ್ಟುಮಾಡಿ ‘ಎಪಿಲೆಪ್ಸಿಯಾ’ ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಟರ್ಕಿ, ಜಪಾನಿನಿಂದಲೂ ವರದಿಗಳಿವೆ, ಆದರೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಂಡಿರುವುದು ನಮ್ಮ ಕಡೆಯೇ.

ಒಂದೊಂದನ್ನೇ ತೆರೆದು, ಅರ್ಥವಾದಷ್ಟು ಓದಿದೆ. ನಮ್ಮ ಬಚ್ಚಲುಮನೆಯನ್ನು ಯಾರೋ ಕಿಟಕಿಯಿಂದ ನೋಡಿ ಬರೆದಂತಿತ್ತು. 40ರಿಂದ 50 ಡಿಗ್ರಿ ಬಿಸಿಯ ನೀರನ್ನು ಮಗ್ಗಿನಲ್ಲಿ ಮೊಗೆದು ಒಂದರ ಹಿಂದೊಂದು ತಲೆಗೆ ಹುಯ್ದುಕೊಳ್ಳುವ ಪದ್ಧತಿ. ಮೊದಲು ದಿಟ್ಟಿ ನೆಡುವುದು, ಅಸಂಬದ್ಧ ಮಾತು, ಕೆಲವರಿಗೆ ಆಮೇಲೆ ಮೈಯೆಲ್ಲ ಸೆಟೆಯುವುದು. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಹಿತವಾಗಿ ಇನ್ನೂ ಇನ್ನೂ ನೀರು ಹುಯ್ದುಕೊಳ್ಳಬೇಕೆನಿಸುವುದು. ಚೊಂಬಿಗೆ ಕೈ ಚಾಚಿದ್ದು ನೆನಪಾಯಿತು. ದೆವ್ವ ನೀರು ಕೇಳುತ್ತಿದೆ ಅಂತ ಅವ್ವ ಹೆದರಿದ್ದು ಅದಕ್ಕೇ. ಗಂಡಸರಲ್ಲಿ, ಅದರಲ್ಲೂ ಹುಡುಗರಲ್ಲಿ ಇದು ಹೆಚ್ಚು, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತದೆ ಎಂದೂ ಇತ್ತು. ತೀರಿಹೋದ ನಮ್ಮ ದೊಡ್ಡಪ್ಪ ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದರು. ‘ಬಿಸ್ನೀರು ನನಗಾಗಕ್ಕಿಲ್ಲ ಕಣ್ಲಾ’ ಅನ್ನುತ್ತಿದ್ದದ್ದು ಯಾಕಿರಬಹುದು ಅಂತ ಈಗ ಕೇಳೋಣವೆಂದರೆ ಅವರಿಲ್ಲ.

ಹುಡುಕಾಟದ ದಾರಿಯಲ್ಲೇ ಯಳಂದೂರು ಕಂಡಿತು. ಚಾಮರಾಜನಗರ ಜಿಲ್ಲೆಯ ನಮ್ಮ ಯಳಂದೂರೇ. ಡಾ. ಮಣಿಯವರ ತಂಡ ಅಲ್ಲಿನ ಹಳ್ಳಿಗಳಲ್ಲಿ ಅಪಸ್ಮಾರದವರನ್ನು ಹುಡುಕಿ, ಫೀನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಲ್ಲೇ ಚಿಕಿತ್ಸೆ ಕೊಟ್ಟು, ಫಲಿತಾಂಶವನ್ನು 2001ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆದ ಇನ್ನೊಂದು ಸಮೀಕ್ಷೆಯ ಪ್ರಕಾರ ನಗರದಲ್ಲಿ 1000ಕ್ಕೆ 5.7 ಜನರಿಗೆ ಅಪಸ್ಮಾರವಿದ್ದರೆ ಹಳ್ಳಿಯಲ್ಲಿ 11.9. ಇದು 2004ರಲ್ಲಿ ಪ್ರಕಟವಾದ ಲೆಕ್ಕ.

ಇಲ್ಲಿಗೆ ಬಂದಾಗ ನನಗೆ ನೆಮ್ಮದಿಯ ಜೊತೆಗೆ ಸಿಟ್ಟೂ ಬಂತು ಎಂದು ಬರೆಯಲೇಬೇಕು. ಮಾಹಿತಿ ಇಲ್ಲವೆಂದಲ್ಲ. ನಮ್ಮ ಹಂಡೆ, ನಮ್ಮ ಚೊಂಬು, ನಮ್ಮ ಜನರ ಮೈಮೇಲಿನಿಂದಲೇ ಸಂಗ್ರಹವಾದ ಮಾಹಿತಿ. ಅದು ವಿದೇಶದ ಪತ್ರಿಕೆಯಲ್ಲಿ, ಡಾಕ್ಟರುಗಳಿಗಾಗಿ ಬರೆದ ಇಂಗ್ಲಿಷಿನಲ್ಲಿ, ಕೆಲವು ಕಡೆ ದುಡ್ಡು ಕಟ್ಟಿದರೆ ಮಾತ್ರ ತೆರೆಯುವ ಬಾಗಿಲ ಹಿಂದೆ ಇದೆ. ಅದನ್ನು ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿತ ಗುಮಾಸ್ತನೊಬ್ಬ ರಾತ್ರಿ ನಿದ್ದೆಗೆಟ್ಟು ತಡಕಾಡಿ ಅಕ್ಕನಿಗೆ ಓದಿ ಹೇಳಬೇಕು. ಕನ್ನಡದಲ್ಲಿ ನಮ್ಮ ವೈದ್ಯರು ಬರೆದದ್ದೂ ಇದೆ, ಒಳ್ಳೆಯ ಬರಹಗಳೇ ಇವೆ. ಆದರೆ ಹುಡುಕಿದಾಗ ಅವು ಈರುಳ್ಳಿಯ ಕೆಳಗೆ ಎಲ್ಲೋ ಹೂತುಹೋಗಿರುತ್ತವೆ. ಗಾಬರಿಯಲ್ಲಿರುವವರು ಅಲ್ಲಿಯವರೆಗೆ ಇಳಿಯುವುದಿಲ್ಲ.

ಅಷ್ಟರಲ್ಲಿ ಸುದ್ದಿ ನೆಂಟರ ವಾಟ್ಸಾಪ್ ಗುಂಪು ಮುಟ್ಟಿತ್ತು. ನಾಗಮಂಗಲದ ಚಿಕ್ಕಮ್ಮ ತಮ್ಮ ಬೀದಿಯ ಹುಡುಗನ ಮಾತ್ರೆ ಪಟ್ಟಿಯ ಫೋಟೊ ಕಳಿಸಿ, ‘ಇದರಲ್ಲಿ ಅವನಿಗೆ ಪೂರಾ ವಾಸಿ, ನಾಳೆಯೇ ತಂದು ಕೊಡಿ’ ಎಂದು ಬರೆದಿದ್ದರು. ಫೋಟೊ ದೊಡ್ಡದು ಮಾಡಿ ನೋಡಿದರೆ ಸೋಡಿಯಂ ವ್ಯಾಲ್‌ಪ್ರೊಯೇಟ್. ಹೆಸರು ಹಾಕಿ ಹುಡುಕಿದೆ. ಹಳೆಯ ಪುಟಗಳು ಇದನ್ನು ಹೊಗಳಿ ಸುಮ್ಮನಾಗುತ್ತವೆ. ಈಚಿನ ಪುಟಗಳಲ್ಲಿ ಎಚ್ಚರಿಕೆ ಇದೆ: ಗರ್ಭಿಣಿ ಇದನ್ನು ತೆಗೆದುಕೊಂಡರೆ ಹುಟ್ಟುವ 10 ಮಕ್ಕಳಲ್ಲಿ ಸುಮಾರು ಒಂದಕ್ಕೆ ಅಂಗವೈಕಲ್ಯ, 10ರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2023ರಲ್ಲಿ. ಹುಡುಗನಿಗೆ ಒಗ್ಗಿದ ಮಾತ್ರೆ ಹನ್ನೆರಡರ ಹುಡುಗಿಗೆ ಬೇಡವಾಗಬಹುದು. ಪುಟದ ತಾರೀಕು ಎಷ್ಟು ಮುಖ್ಯ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಚಿಕ್ಕಮ್ಮನಿಗೆ ‘ಡಾಕ್ಟ್ರನ್ನ ಕೇಳ್ತೀವಿ ಚಿಕ್ಕಮ್ಮ’ ಎಂದಷ್ಟೇ ಬರೆದೆ.

ಅವ್ವನ ಚಿಂತೆ ಇದ್ಯಾವುದೂ ಅಲ್ಲ. ಎಲೆ ಅಡಿಕೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತು, ‘ಮುಂದಕ್ಕೆ ಯಾರ್ಲಾ ಮದ್ವೆ ಆದರು ಇವಳ್ನ?’ ಅಂದಳು. ಅದನ್ನೂ ಹುಡುಕಿದೆ. ಅಪಸ್ಮಾರವನ್ನು ನೆಪ ಮಾಡಿ ಮದುವೆ ರದ್ದುಪಡಿಸುವ ಅವಕಾಶ ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಹೇಳಿದೆ. ‘ಕಾನೂನು ಬುಡು, ನಮ್ಮ ಜನ ತೆಗೆದವ್ರಾ?’ ಎಂದು ಎದ್ದು ಒಳಗೆ ಹೋದಳು.

ಮಾರನೆಯ ದಿನ ಮೈಸೂರಿಗೆ ಹೋದೆವು. ನರರೋಗ ತಜ್ಞೆಯ ಮುಂದೆ ನಾನು ಓದಿದ್ದನ್ನು ಒಪ್ಪಿಸಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ, ಎಣ್ಣೆ ಹಚ್ಚಿದ್ದರಿಂದ ಹಿಡಿದು ಚೊಂಬಿಗೆ ಕೈ ಚಾಚಿದವರೆಗೆ ಹೇಳುವಂತೆ ಅವ್ವನನ್ನೇ ಮುಂದೆ ಕೂರಿಸಿದೆ. ಓದಿದ್ದರ ಲಾಭ ಅದು: ಯಾವ ವಿವರ ಬಿಡಬಾರದು ಎಂದು ಗೊತ್ತಿತ್ತು. ವೈದ್ಯೆ ಕೇಳಿದ ಪ್ರಶ್ನೆಗಳು ಕೆಲವೇ. ತಲೆಗೆ ಹಾಕಿದಾಗ ಮಾತ್ರವಾ, ಮೈಗೆ ಹಾಕಿದಾಗಲೂ ಬರುತ್ತದಾ? ಸ್ನಾನ ಬಿಟ್ಟು ಬೇರೆ ಹೊತ್ತಿನಲ್ಲಿ? ಚಿಕ್ಕವಳಿದ್ದಾಗ ಜ್ವರ ಬಂದು ಫಿಟ್ಸು? ಮನೆಯಲ್ಲಿ ಬೇರೆ ಯಾರಿಗಾದರೂ? ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಿದರು, ನಾರ್ಮಲ್ ಬಂತು. ಇಂಥವರಲ್ಲಿ ಎಷ್ಟೋ ಸಲ ಅದು ನಾರ್ಮಲ್ಲೇ ಇರುತ್ತದೆ, ಹಾಗೆಂದು ಕಾಯಿಲೆ ಇಲ್ಲ ಎಂದಲ್ಲ ಎಂದರು.

ಮೊದಲ ಚಿಕಿತ್ಸೆ ನೀರಿನದ್ದೇ. ಉಗುರುಬೆಚ್ಚಗಿನ ನೀರು. ಮೊದಲು ಮೈಗೆ, ತಲೆಗೆ ಕೊನೆಯಲ್ಲಿ, ಅದೂ ಬಿಡುವು ಕೊಟ್ಟು. ಬಚ್ಚಲಿನ ಚಿಲಕ ಹಾಕಬಾರದು, ಕಾಯುವ ಹಂಡೆಯ ಪಕ್ಕ ಅವಳನ್ನು ಒಬ್ಬಳನ್ನೇ ಬಿಡಬಾರದು. ಇಷ್ಟಕ್ಕೂ ಮತ್ತೆ ಬಂದರೆ ತಲೆಸ್ನಾನಕ್ಕೆ ಗಂಟೆ ಒಂದೂವರೆ ಗಂಟೆ ಮುಂಚೆ ನುಂಗುವ ಕ್ಲೋಬಜಾಮ್ ಎಂಬ ಮಾತ್ರೆ ಇದೆ, ಅದನ್ನು ಆಗ ನೋಡೋಣ ಎಂದರು. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸು ಬರಬಹುದು, ಅಂಥವರಿಗೆ ದಿನಾ ಮಾತ್ರೆ ಬೇಕಾಗುತ್ತದೆ, ಹಾಗಾಗಿ ತೋರಿಸಿಕೊಳ್ಳುತ್ತಿರಿ ಎಂದೂ ಹೇಳಿದರು.

ಅಕ್ಕ ಅಲ್ಲಿಯವರೆಗೂ ಸುಮ್ಮನಿದ್ದವಳು, ‘ಉಗುರುಬೆಚ್ಚಗಿನ ನೀರಲ್ಲಿ ಹರಳೆಣ್ಣೆ ಬುಡ್ತದಾ ಡಾಕ್ಟ್ರೇ?’ ಎಂದಳು. ವೈದ್ಯೆ ನಗಲಿಲ್ಲ. ‘ಬಿಡಲ್ಲ, ಕೊಬ್ಬರಿ ಎಣ್ಣೆ ಹಚ್ಚಿ, ಶಾಂಪೂ ಹಾಕಿ. ಸೀಗೇಪುಡಿನೇ ಬೇಕು ಅಂದರೆ ಎರಡು ಸಲ ಉಜ್ಜಿ’ ಎಂದರು. ಇಂಥ ಪ್ರಶ್ನೆಗೆ ಇಂಥ ಉತ್ತರ ಹಿಂದಿನ ರಾತ್ರಿ ನಾನು ತೆರೆದ ಯಾವ ಪುಟದಲ್ಲೂ ಇರಲಿಲ್ಲ.

ಆ ವಾರ ನಾನು ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದೆ, ಹುಡುಗಿಯ ಶಾಲೆಗೆಂದು. ಫಿಟ್ಸು ಬಂದರೆ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಬಾಯಿಗೆ ಚಮಚ, ನೀರು, ಬಟ್ಟೆ, ಏನನ್ನೂ ಹಾಕಬೇಡಿ; ನಾಲಿಗೆ ನುಂಗಿಕೊಳ್ಳುವುದು ಸಾಧ್ಯವೇ ಇಲ್ಲ. ಕಬ್ಬಿಣ, ಈರುಳ್ಳಿ, ಚಪ್ಪಲಿ ಬೇಡ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ, ಇಲ್ಲವೇ ಎಚ್ಚರವಾಗದೆ ಮತ್ತೊಮ್ಮೆ ಬಂದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಟ ಆಡಬಹುದು, ಓಡಬಹುದು, ಕೆರೆ ಬಾವಿಗೆ ಮಾತ್ರ ಒಬ್ಬಳೇ ಇಳಿಯಬಾರದು.

ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದರು. ‘ಎಲ್ಲ ಸರಿ ಸ್ವಾಮಿ, ಇದನ್ನ ಬರೆದೋರು ಯಾರು? ಸಹಿ ಇಲ್ಲ, ಸೀಲಿಲ್ಲ’ ಅಂದರು. ಹಾಳೆ ವಾಪಸು ತಗೊಂಡು ಮತ್ತೆ ಮೈಸೂರಿನ ಬಸ್ಸು ಹತ್ತಿದೆ. ವೈದ್ಯೆ ಗಡಿಯಾರದ ಸಾಲನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಎಲ್ಲಕ್ಕಿಂತ ಮೇಲೆ ತಂದರು. ಕೆಳಗೆ ರಿಜಿಸ್ಟ್ರೇಷನ್ ನಂಬರಿನ ಸಮೇತ ಸೀಲು ಒತ್ತಿ, ತಾರೀಕು ಹಾಕಿ, ‘ಇನ್ನೊಂದು ಪ್ರತಿ ಮಾಡಿಸಿಕೊಂಡು ಬನ್ನಿ, ಹೊರಗಡೆ ಬೋರ್ಡಿಗೆ ಅಂಟಿಸ್ತೀನಿ’ ಅಂದರು.