ಹಳೇ ಸ್ಟೇಷನ್ ಗೋಡೆಗೆ ಸಿಮೆಂಟ್ ಬಳಿಯುವ ಮುನ್ನ

ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್‌ಗೇಜ್ ಹಳಿ ಪೂರ್ತಿಯಾದದ್ದು 1889ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲಕ್ಕೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಬಂದದ್ದು 1921ರಲ್ಲಿ. ಈ ದಾರಿಯ ಸಣ್ಣ ಸ್ಟೇಷನ್ನುಗಳಲ್ಲಿ ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ, ಹೆಂಚಿನ ಹಳೇ ಕಟ್ಟಡ ಎಲ್ಲಾದರೂ ಉಳಿದಿದ್ದರೆ ಮೊದಲು ಗೋಡೆಯ ಬುಡ ನೋಡಿ. ಮೂರು ನಾಲ್ಕು ಅಡಿಯವರೆಗೆ ತೇವ, ಬಿಳಿ ಉಪ್ಪು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಮಳೆ ಕಡಿಮೆ ಇರುವ ನಮ್ಮ ಬಯಲುಸೀಮೆಯಲ್ಲೂ ಹೀಗೇಕೆ?

ಕಾರಣ ಗೇಜ್ ಬದಲಾವಣೆಯಲ್ಲಿದೆ. ಹಳಿಗಳನ್ನು ಒಂದೇ ಅಗಲಕ್ಕೆ ತರಲು 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯಲ್ಲಿ ಎರಡು ಹಳಿಗಳ ನಡುವಿನ ಅಂತರ (ಗೇಜ್) 1,000 ಮಿ.ಮೀ. ಇದ್ದದ್ದು 1,676 ಮಿ.ಮೀ. ಆಯಿತು. ಎತ್ತರದ ಪ್ಲಾಟ್‌ಫಾರಂ ಕಟ್ಟಿದ ಕಡೆ ಅದು ಹಳಿಯಿಂದ 760ರಿಂದ 840 ಮಿ.ಮೀ. ಮೇಲಕ್ಕೆ ಹೋಯಿತು, ಮೀಟರ್‌ಗೇಜಿನದು ಅದರ ಅರ್ಧದಷ್ಟೂ ಇರಲಿಲ್ಲ. ಕಟ್ಟಡ ಮಾತ್ರ ಇದ್ದಲ್ಲೇ ಇತ್ತು. ಪ್ಲಿಂತ್, ಅಂದರೆ ನೆಲದಿಂದ ಎತ್ತರಿಸಿ ಕಟ್ಟಿದ ಕಟ್ಟಡದ ಪೀಠ, ಮಣ್ಣಿನಡಿ ಹೋಯಿತು. ಸಾಮಾನಿನ ತಳ್ಳುಗಾಡಿ ಹಳಿಗೆ ಉರುಳಬಾರದೆಂದು ಪ್ಲಾಟ್‌ಫಾರಂಗೆ ಸುಮಾರು 60ಕ್ಕೆ 1ರಂತೆ ಹಿಂದಕ್ಕೆ ಇಳಿಜಾರು ಕೊಡುತ್ತಾರೆ. ಅಂದರೆ ಮಳೆನೀರೆಲ್ಲ ಸೀದಾ ಸ್ಟೇಷನ್ ಮಾಸ್ಟರ್ ಬಾಗಿಲಿಗೆ!

ತೇವ ಕಂಡ ಕೂಡಲೇ ಗುತ್ತಿಗೆದಾರ ಸಿಮೆಂಟ್ ಬಳಿದು, ಮೇಲೆ ಆಯಿಲ್ ಪೇಂಟ್ ಹೊಡೆಸುತ್ತಾನೆ. ಗಾರೆ ಗೋಡೆ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ದಾರಿ ಕಟ್ಟಿದ ನೀರು ಇನ್ನಷ್ಟು ಮೇಲೇರುತ್ತದೆ, ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಆಯಿಲ್ ಪೇಂಟ್ ಅಂತೂ ಈ ಕಟ್ಟಡಗಳ ದೊಡ್ಡ ಶತ್ರು.

ಹಾಗಾಗಿ ಕೆಲಸ ನೀರಿನಿಂದ ಶುರುವಾಗಬೇಕು. ಗೋಡೆಗುಂಟ ಪ್ಲಾಟ್‌ಫಾರಂ ಕತ್ತರಿಸಿ, ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗೆ ಇಳಿಯುವ ಚರಂಡಿ ಮಾಡಿ, ಮೇಲೆ ಕಬ್ಬಿಣದ ಜಾಲರಿ ಹಾಕಬೇಕು. ಸಿಮೆಂಟನ್ನು ಉಳಿ–ಸುತ್ತಿಗೆಯಲ್ಲೇ ತೆಗೆಯಬೇಕು. ಒಡೆಯುವ ಯಂತ್ರ (ಬ್ರೇಕರ್) ಹಿಡಿದರೆ ಹಳೇ ಇಟ್ಟಿಗೆಯ ಮೂತಿಯೂ ಜೊತೆಗೇ ಬರುತ್ತದೆ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಆಮೇಲೆ ಒಂದು ಬೇಸಿಗೆ ಗೋಡೆಯನ್ನು ಹಾಗೇ ಬಿಡಬೇಕು. ಅನುದಾನ ಮಾರ್ಚ್‌ಗೆ ಮುಗಿಯುತ್ತದೆಂದು ಯಾರೂ ಬಿಡುವುದಿಲ್ಲ, ಆ ಮಾತು ಬೇರೆ.

ಗೋಡೆ ಒಣಗಿದ ಮೇಲೆ ಹೊಸ ಗಾರೆ. ಅದಕ್ಕೆ ಸುಟ್ಟ ಸುಣ್ಣವನ್ನು ಅರಳಿಸುವಾಗ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು; ಕುದಿದು ಸಿಡಿದರೆ ಕಣ್ಣು ಹೋದೀತು, ಕನ್ನಡಕ ಬೇಕೇ ಬೇಕು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಮೂರು ವಾರ ಇಡಬೇಕು. ಅವಸರ ಮಾಡಿದರೆ ಅರಳದೆ ಉಳಿದ ಕಾಳುಗಳು ಗೋಡೆಯ ಮೇಲೆ ಅರಳಿ, ಅಲ್ಲಲ್ಲಿ ಚಿಪ್ಪು ಹಾರುತ್ತವೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಜರಡಿ ಹಿಡಿದ ಮರಳು. ತೇವದ ಬುಡಕ್ಕೆ ಮರಳಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಇಟ್ಟಿಗೆ ಪುಡಿ. ಒಂದು ಪದರ 10–12 ಮಿ.ಮೀ. ಮೀರಬಾರದು. ನಮ್ಮ ಕಡೆಯ ಬಿಸಿಲುಗಾಳಿಗೆ ಗಾರೆ ಬೇಗ ಒಣಗಿ ಬಿರಿಯುತ್ತದೆ, ಆದ್ದರಿಂದ ಎರಡು ವಾರ ಒದ್ದೆ ಗೋಣಿತಟ್ಟು ಕಟ್ಟಿರಬೇಕು. ಕೊನೆಗೆ ಬಣ್ಣದ ಬದಲು ತೆಳು ಸುಣ್ಣ, ನಾಲ್ಕೈದು ಸಲ.

ಮಾಡಿನ ಕೆಲಸ ಸುಲಭ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಹೊಸ ಹೆಂಚಿನ ಅಳತೆ ಹಳೆಯದಕ್ಕೆ ಕೂಡುವುದಿಲ್ಲ. ಒಳ್ಳೆ ಹಳೆಯವನ್ನೆಲ್ಲ ಮುಂಭಾಗಕ್ಕೆ ಒಟ್ಟು ಮಾಡಿ, ಹಿಂಭಾಗಕ್ಕೆ ಹೊಸದನ್ನು ಹಾಕಿ, ಅದರ ಅಳತೆಗೇ ರೀಪು ಹೊಡೆಸಿ.

ಬೇಲಿಗೂ ಚಾವಣಿಗೂ ನಿಲ್ಲಿಸಿದ ಹಳೇ ಹಳಿಕಂಬಗಳನ್ನು ಗುಜರಿಗೆ ಕೊಡಬೇಡಿ. ಹಳಿಯ ನಡುಪಟ್ಟಿಯ ಮೇಲೆ ತಯಾರಕರ ಹೆಸರು, ಇಸವಿ, ಗಜಕ್ಕೆ ಎಷ್ಟು ಪೌಂಡ್ ತೂಕ ಎಂಬುದು ಉಬ್ಬಕ್ಷರದಲ್ಲಿ ಇರುತ್ತದೆ. ಪೇಂಟ್ ಕೆರೆಯಲು ಗ್ರೈಂಡರ್ ಹಿಡಿದರೆ ಆ ಅಕ್ಷರವೂ ಹೋಗುತ್ತದೆ. ಪೇಂಟ್ ರಿಮೂವರ್ ಹಚ್ಚಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಒಣಗಿದ ಮೇಲೆ ಸೀಮೆಸುಣ್ಣ ಅಡ್ಡವಾಗಿ ಸವರಿ ಫೋಟೋ ತೆಗೆಯಿರಿ, ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ.