ಜೊತೆಗಾರನಿಗೂ ಒಲ್ಲೆ ಎನ್ನಲು ಬರಬೇಕು

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಸಾಹಸದ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಆಡುವ ಎಷ್ಟೋ ಗುಂಪುಗಳಲ್ಲಿ ಹೀಗಾಗುತ್ತದೆ. ಮೊದಲ ಸೆಶನ್ನಿನಲ್ಲಿ ಊರ ಛತ್ರದಿಂದ ಒಬ್ಬ ಆಳನ್ನು ದೀವಟಿಗೆ ಹಿಡಿಯಲು ಕರೆದುಕೊಂಡು ಹೊರಡುತ್ತಾರೆ. ಮೂರನೇ ಸೆಶನ್ನಿನ ಹೊತ್ತಿಗೆ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಬಲೆ ಇದೆಯೇನೋ ಎಂದು ಅನುಮಾನ ಬಂದ ಬಾಗಿಲಿಗೆ ಮೊದಲು ಅವನನ್ನೇ ಕಳಿಸುತ್ತಾರೆ. ಅವನೂ ತಲೆ ತಗ್ಗಿಸಿ ಹೋಗುತ್ತಾನೆ, ಏಕೆಂದರೆ ಹೋಗದೆ ಇರುವ ದಾರಿಯನ್ನು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅವನಿಗೆ ಕೊಟ್ಟೇ ಇಲ್ಲ. ಆಟಗಾರರ ಪಾತ್ರಕ್ಕೂ ಅದರ ಜೊತೆಗಾರನಿಗೂ ನಂಟು ಬೆಳೆಯದಿರಲು ನನ್ನ ಲೆಕ್ಕದಲ್ಲಿ ಇದೇ ಮೊದಲ ಕಾರಣ.

ಹಳೆಯ ನಿಯಮಗಳಿಗೆ ಇದು ಗೊತ್ತಿತ್ತು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಬೇಸಿಕ್ ಸೆಟ್ಟಿನಲ್ಲಿ ಕರಿಸ್ಮಾ (ಜನರನ್ನು ಸೆಳೆಯುವ ಗುಣ) ಎನ್ನುವ ಅಂಕಕ್ಕೆ ಮುಖ್ಯವಾದ ಕೆಲಸವೇ ಇದು: ನಿಮ್ಮ ಜೊತೆ ಎಷ್ಟು ಜನ ಬರುತ್ತಾರೆ, ಬಂದವರು ಎಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ. ಕರಿಸ್ಮಾ 9ರಿಂದ 12 ಇದ್ದರೆ ನಾಲ್ಕು ಜನ, ಅವರ ಮೊರಾಲ್, ಅಂದರೆ ಎದೆಗಾರಿಕೆಯ ಅಂಕ, 7. 18 ಇದ್ದರೆ ಏಳು ಜನ, ಮೊರಾಲ್ 10. ಬರೀ 3 ಇದ್ದವನ ಹಿಂದೆ ಒಬ್ಬನೇ, ಅದೂ ಮೊರಾಲ್ 4. ಕರೆದ ಕೂಡಲೇ ಯಾರೂ ಬರುವುದಿಲ್ಲ. ಕೂಲಿ ಎಷ್ಟು, ಆಯುಧ ಕೊಡುತ್ತೀರಾ, ಸಿಕ್ಕ ಸಂಪತ್ತಿನಲ್ಲಿ ಪಾಲೆಷ್ಟು ಎಂದು ಮಾತಾಡಿದ ಮೇಲೆ ಆರು ಮುಖದ ಎರಡು ದಾಳ ಉರುಳಬೇಕು. 9ರಿಂದ 11 ಬಿದ್ದರೆ ಒಪ್ಪಿಗೆ. 12 ಬಿದ್ದರೆ ಹುರುಪಿನ ಒಪ್ಪಿಗೆ, ಮೊರಾಲ್‌ಗೆ ಒಂದು ಸೇರುತ್ತದೆ. 6ರಿಂದ 8 ಎಂದರೆ ಇನ್ನೊಮ್ಮೆ ಉರುಳಿಸಿ. ಅದಕ್ಕಿಂತ ಕೆಳಗೆ ನಿರಾಕರಣೆ, ಅದರಲ್ಲೂ 2 ಬಿದ್ದರೆ ಅವಮಾನ ಮಾಡಿ ಕಳಿಸುತ್ತಾನೆ.

ಹೊರಟ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಪ್ರತಿ ಸಾಹಸ ಮುಗಿದಾಗ, ಮತ್ತು ನಿರೀಕ್ಷೆಗೆ ಮೀರಿದ ಅಪಾಯ ಎದುರಾದಾಗ, ಅದೇ ಎರಡು ದಾಳ. ಮೊತ್ತ ಮೊರಾಲ್‌ಗಿಂತ ಹೆಚ್ಚು ಬಂದರೆ ಅವನು ನಿಲ್ಲುವುದಿಲ್ಲ. ಮೊರಾಲ್ 7 ಇರುವವನು 36ರಲ್ಲಿ 15 ಸಲ ಕೈಬಿಡುತ್ತಾನೆ, 10 ಇರುವವನು 36ರಲ್ಲಿ 3 ಸಲ ಮಾತ್ರ. ಈ ಅಂತರವನ್ನು ಆಟಗಾರರು ಒಂದೆರಡು ಸೆಶನ್ನಿನಲ್ಲೇ ಮೈಮೇಲೆ ಕಲಿಯುತ್ತಾರೆ. ಕಲಿತ ಮೇಲೆ ಯಾರೂ ಹೇಳದಿದ್ದರೂ ಜೊತೆಗಾರನಿಗೆ ಒಳ್ಳೆಯ ಗುರಾಣಿ ಕೊಡಿಸುತ್ತಾರೆ, ಅವನ ಗಾಯ ಮೊದಲು ನೋಡುತ್ತಾರೆ. ಮೊದಮೊದಲು ಇದು ಲಾಭದ ಲೆಕ್ಕವೇ, ಪರವಾಗಿಲ್ಲ. ಒಬ್ಬನ ಗಾಯವನ್ನು ನಾಲ್ಕು ಸಲ ಕಟ್ಟಿದವರಿಗೆ ಐದನೆಯ ಸಲ ಲೆಕ್ಕ ನೆನಪಾಗುವುದಿಲ್ಲ.

2014ರ ಐದನೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೂ ಇಂಥದೊಂದು ನಿಯಮ ಇದೆ, ಐಚ್ಛಿಕ ಎಂದು ಬರೆದಿರುವುದರಿಂದ ಬಹಳ ಜನ ಓದದೆ ದಾಟಿಹೋಗುತ್ತಾರೆ. ನಿಷ್ಠೆಗೆ ಒಂದು ಅಂಕ. ಗುಂಪಿನಲ್ಲಿ ಯಾರ ಕರಿಸ್ಮಾ ಎಲ್ಲರಿಗಿಂತ ಹೆಚ್ಚೋ ಅದೇ ಅದರ ಗರಿಷ್ಠ, ಅದರ ಅರ್ಧದಿಂದ ಆರಂಭ. 16 ಇದ್ದರೆ ಜೊತೆಗಾರ 8ರಲ್ಲಿ ಶುರುಮಾಡುತ್ತಾನೆ. 10 ಮುಟ್ಟಿದ ಮೇಲೆ ಗುಂಪಿಗಾಗಿ ಪ್ರಾಣವನ್ನೂ ಪಣಕ್ಕಿಡುತ್ತಾನೆ, ಕೆಳಗಿರುವಷ್ಟು ದಿನ ನಂಬಿಕೆ ತೆಳು. ಅವನ ಮನಸ್ಸಿಗೆ ಹತ್ತಿರವಾದ ಗುರಿಗೆ ನೆರವಾದರೆ, ಬೆಲೆಬಾಳುವ ಉಡುಗೊರೆ ಕೊಟ್ಟರೆ, ಆಪತ್ತಿನಿಂದ ಕಾಪಾಡಿದರೆ ಒಂದು ಡಿ4 (ನಾಲ್ಕು ಮುಖದ ದಾಳ) ಉರುಳಿಸಿ ಕೂಡಿಸಿ. ಅವನ ನೀತಿಗೆ ವಿರುದ್ಧವಾಗಿ ನಡೆದರೆ ಒಂದು ಡಿ4 ಕಳೆಯಿರಿ. ಸ್ವಾರ್ಥಕ್ಕಾಗಿ ಅವನಿಗೆ ಮೋಸ ಮಾಡಿದರೆ, ಅಪಾಯಕ್ಕೆ ದೂಡಿದರೆ, ಕಳೆಯಬೇಕಾದ್ದು ಎರಡು ಡಿ4. ಡಿ4ರ ಸರಾಸರಿ ಎರಡೂವರೆ. ಅಂದರೆ ಒಮ್ಮೆ ಬಲೆಯ ಬಾಗಿಲಿಗೆ ತಳ್ಳಿದರೆ ಎರಡು ಉಪಕಾರ ತೊಳೆದುಹೋಗುತ್ತವೆ. ಬದುಕಿಗೆ ಹತ್ತಿರವಾದ ಅನುಪಾತ ಇದು.

ಈ ಅಂಕವನ್ನು ಡಿಎಂ ತನ್ನಲ್ಲೇ ಇಟ್ಟುಕೊಳ್ಳಬೇಕು ಎನ್ನುತ್ತದೆ ಪುಸ್ತಕ. ಸರಿಯೇ, ಆದರೆ ಅಂಕ ಮುಚ್ಚಿಟ್ಟು ಸುಳಿವನ್ನೂ ಕೊಡದಿದ್ದರೆ ಜೊತೆಗಾರ ಬಿಟ್ಟುಹೋದ ದಿನ ಆಟಗಾರರಿಗೆ ಅದು ಡಿಎಂನ ಮರ್ಜಿಯಂತೆ ಕಾಣುತ್ತದೆ. ಹಾಗಾಗಿ ಅಂಕವನ್ನು ನಡವಳಿಕೆಗೆ ಇಳಿಸಿ. 4ಕ್ಕಿಂತ ಕೆಳಗಿದ್ದರೆ ಅವನು ಬಾಗಿಲ ಹತ್ತಿರವೇ ಮಲಗುತ್ತಾನೆ, ಕೂಲಿಯನ್ನು ಮುಂಗಡ ಕೇಳುತ್ತಾನೆ. ಎಂಟರ ಆಸುಪಾಸಿನಲ್ಲಿ ಹೇಳಿದಷ್ಟು ಮಾಡುತ್ತಾನೆ. 12 ದಾಟಿದ ಮೇಲೆ ಕೇಳದೆಯೇ ಎಚ್ಚರಿಸುತ್ತಾನೆ, ಕಾವಲಿನ ಸರದಿಯನ್ನು ತಾನೇ ತೆಗೆದುಕೊಳ್ಳುತ್ತಾನೆ.

ಕನ್ನಡದಲ್ಲಿ ಆಡುವ ಗುಂಪಿಗೆ ಇಲ್ಲೊಂದು ಅನುಕೂಲ ಇದೆ, ಅದನ್ನು ಯಾಕೆ ಬಿಡಬೇಕು? ಇಂಗ್ಲಿಷಿನ ಒಂದೇ 'ಯು' ಮಾಡಲಾಗದ್ದನ್ನು ನಮ್ಮ ನೀನು, ನೀವು ಮಾಡುತ್ತವೆ. ಜೊತೆಗಾರ ಮೊದಲ ದಿನ 'ಧಣಿ, ನೀವು' ಎನ್ನಲಿ. ನಿಷ್ಠೆ 10 ಮುಟ್ಟಿದ ದಿನ 'ಅಣ್ಣಾ' ಅಥವಾ 'ಅಕ್ಕಾ' ಆಗಲಿ. ಇನ್ನೂ ಮೇಲೇರಿದಾಗ 'ನೀನು ಸುಮ್ನಿರಣ್ಣ, ನಾನು ನೋಡ್ಕೋತೀನಿ' ಎಂದು ಏಕವಚನಕ್ಕೆ ಇಳಿಯಲಿ. ಇದನ್ನು ಆಟಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕಿವಿಗೇ ಗೊತ್ತಾಗುತ್ತದೆ. ಅಣ್ಣ ಎನ್ನುತ್ತಿದ್ದವನು ಒಂದು ಸಂಜೆ ಮತ್ತೆ 'ಆಗಲಿ ಧಣಿ' ಎಂದರೆ ಮೇಜಿನ ಸುತ್ತ ಎಲ್ಲರೂ ತಲೆಯೆತ್ತುತ್ತಾರೆ.

ಇನ್ನು, ಜೊತೆಗಾರನನ್ನು ಆಡಿಸುವವರು ಯಾರು? ಡಿಎಂ ಎಲ್ಲವನ್ನೂ ಹಿಡಿದರೆ ಯುದ್ಧದಲ್ಲಿ ಅವನ ಕೈ ತುಂಬಿ ಆಟ ನಿಧಾನವಾಗುತ್ತದೆ. ಆಟಗಾರನ ಕೈಗೆ ಪೂರ್ತಿ ಕೊಟ್ಟರೆ ಜೊತೆಗಾರ ಅವನ ಎರಡನೇ ಜೋಡಿ ಕೈಯಾಗುತ್ತಾನೆ, ಅಷ್ಟೇ. ಕೆಲಸವನ್ನು ಒಡೆದು ಹಂಚುವುದು ವಾಸಿ. ದಾಳ, ಓಡಾಟ, ಪ್ರಾಣಾಂಕದ (ಎಷ್ಟು ಏಟು ತಾಳಬಲ್ಲ ಎಂಬ ಅಂಕದ) ಲೆಕ್ಕ ಆಟಗಾರನದು. ಜೊತೆಗಾರನ ಸರದಿಯೂ ಆ ಆಟಗಾರನ ಸರದಿಯಲ್ಲೇ ಬರಲಿ, ಏಟಿನ ನಷ್ಟಕ್ಕೆ ದಾಳದ ಬದಲು ಪುಸ್ತಕದಲ್ಲಿರುವ ಸರಾಸರಿಯನ್ನೇ ಬಳಸಿ. ಮಾತು ಮತ್ತು ಮನಸ್ಸು ಡಿಎಂನದು. ನಾಲ್ಕು ಆಟಗಾರರ ಗುಂಪಿಗೆ ಹೆಸರು, ಮುಖ ಇರುವ ಜೊತೆಗಾರ ಒಬ್ಬ ಸಾಕು, ಇಬ್ಬರು ಎಂದರೆ ಬಹಳವಾಯಿತು.

ಮನಸ್ಸನ್ನು ಹಿಡಿಯಲು ಉದ್ದದ ಪೂರ್ವಕಥೆ ಬೇಡ, ಮೂರು ಸಾಲು ಬರೆದಿಟ್ಟುಕೊಳ್ಳಿ: ಅವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಏನನ್ನು ಸತ್ತರೂ ಮಾಡುವುದಿಲ್ಲ. ದೀವಟಿಗೆಯ ಮಾರ ಎಂದುಕೊಳ್ಳೋಣ. ಗಣಿಯ ಜೀತದಲ್ಲಿರುವ ತಂಗಿಯನ್ನು ಬಿಡಿಸಬೇಕು, ನಿಂತ ನೀರಿನ ಕತ್ತಲೆ ಎಂದರೆ ಭಯ, ಸತ್ತವರ ಮೈಮೇಲಿನ ಒಡವೆ ಮುಟ್ಟುವುದಿಲ್ಲ. ಈ ಆಟದಲ್ಲಿ ಸತ್ತವರ ಒಡವೆ ದೋಚುವುದು ದಿನದ ಕೆಲಸವಾದ್ದರಿಂದ ಆ ಮೂರನೇ ಸಾಲು ಮೊದಲ ಗೋರಿಯಲ್ಲೇ ಫಲ ಕೊಡುತ್ತದೆ. ನಿಷ್ಠೆ ಹೆಚ್ಚಿದ್ದರೂ ಮಾರ ಒಲ್ಲೆ ಎನ್ನುತ್ತಾನೆ. ಆಗ ಶುರುವಾಗುವ ವಾದವೇ ನಂಟು. 2012ರ ಡಂಜನ್ ವರ್ಲ್ಡ್ ಎಂಬ ಇನ್ನೊಂದು ಆಟ ಇದನ್ನು ನಿಯಮವಾಗಿಯೇ ಬರೆದಿದೆ: ಪ್ರತಿ ಆಳಿಗೂ ಒಂದು ಬೆಲೆ ಇರುತ್ತದೆ, ಅದು ಹಣವೇ ಆಗಬೇಕಿಲ್ಲ. ಒಬ್ಬನಿಗೆ ಗೆಲುವು, ಒಬ್ಬನಿಗೆ ಹೆಸರು, ಇನ್ನೊಬ್ಬನಿಗೆ ಒಳ್ಳೆಯ ಕೆಲಸವೊಂದು ನಡೆಯುವುದು. ಆ ಬೆಲೆ ಬಹುಕಾಲ ಬಾಕಿ ಉಳಿದರೆ ಅವನ ನಿಷ್ಠೆ ಕುಂದುತ್ತದೆ.

ಪ್ರಾಣಿಗಳ ವಿಷಯದಲ್ಲಿ ನಂಟು ತಾನಾಗಿಯೇ ಬರುತ್ತದೆ, ಕೆಡಿಸುವುದು ನಿಯಮ. 2014ರ ಬೀಸ್ಟ್ ಮಾಸ್ಟರ್ ರೇಂಜರ್, ಅಂದರೆ ಪ್ರಾಣಿಯನ್ನು ಜೊತೆಗಿಟ್ಟುಕೊಳ್ಳುವ ಕಾಡಿನ ಯೋಧನ ಪಾತ್ರದ ತೊಂದರೆ ಇದೇ ಆಗಿತ್ತು. ತೋಳ ಕಚ್ಚಬೇಕಾದರೆ ರೇಂಜರ್ ತನ್ನ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಬಿಟ್ಟುಕೊಡಬೇಕು, ಐದನೇ ಲೆವೆಲ್‌ವರೆಗೆ ತಾನು ಬಾಣವನ್ನೇ ಬಿಡುವಂತಿಲ್ಲ. ಮೂರನೇ ಲೆವೆಲ್‌ನಲ್ಲಿ ಆ ತೋಳಕ್ಕೆ 12 ಪ್ರಾಣಾಂಕ, ದೊಡ್ಡ ಶತ್ರುವಿನ ಎರಡು ಏಟಿಗೆ ಮುಗಿಯಿತು. ಹಾಗಾಗಿ ಆಟಗಾರರು ಪ್ರೀತಿಯ ತೋಳವನ್ನು ಗುಹೆಯ ಹೊರಗೇ ಕಟ್ಟಿಹಾಕಿ ಬರುತ್ತಿದ್ದರು. 2020ರ ಟ್ಯಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕ ಇದನ್ನು ಸರಿಪಡಿಸಿತು: ಅಪ್ಪಣೆಗೆ ಬೋನಸ್ ಆಕ್ಷನ್ (ಅದೇ ಸರದಿಯ ಇನ್ನೊಂದು ಚಿಕ್ಕ ಕೆಲಸ) ಸಾಕು, ನೆಲದ ಪ್ರಾಣಿಯ ಪ್ರಾಣಾಂಕ ಲೆವೆಲ್‌ನ ಐದು ಪಟ್ಟಿಗೆ 5 ಕೂಡಿಸಿದಷ್ಟು. ಅದೇ ಮೂರನೇ ಲೆವೆಲ್‌ಗೆ 20. ಇದೇ ಜಾತಿಯ ಇನ್ನೊಂದು ಆಟ ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲೂ ಇದೇ ಬಗೆ: ಒಡೆಯ ತನ್ನ ಮೂರು ಆಕ್ಷನ್‌ಗಳಲ್ಲಿ ಒಂದನ್ನು ಕೊಟ್ಟರೆ ಪ್ರಾಣಿಗೆ ಎರಡು ಸಿಗುತ್ತವೆ.

ಹೊಸ ನಿಯಮದಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಪ್ರಾಣಿ ಸತ್ತು ಒಂದು ಗಂಟೆಯೊಳಗೆ ಮುಟ್ಟಿ, ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಇರುವ ಅವಕಾಶ) ಖರ್ಚು ಮಾಡಿದರೆ ಅದು ಒಂದು ನಿಮಿಷದಲ್ಲಿ ಪೂರ್ತಿ ಪ್ರಾಣಾಂಕದೊಂದಿಗೆ ಏಳುತ್ತದೆ. ಮಾಂತ್ರಿಕನ ಗೂಬೆಯ ಕಥೆಯೂ ಅದೇ: 10 ಚಿನ್ನದ ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆ, ಒಂದು ಗಂಟೆಯ ಮಂತ್ರ, ಗೂಬೆ ವಾಪಸ್ಸು. ನಿಯಮವನ್ನು ಬದಲಿಸಬೇಡಿ, ಆಟಗಾರರು ಅದನ್ನು ನಂಬಿ ಪಾತ್ರ ಕಟ್ಟಿರುತ್ತಾರೆ. ಆದರೆ ಎದ್ದು ಬಂದ ತೋಳ ಒಂದು ದಿನ ಬೆಂಕಿಯ ಹತ್ತಿರ ಬರುವುದಿಲ್ಲ ಎನ್ನಿ. ಮೂರು ಸಲ ಸತ್ತ ಗೂಬೆ ಅಪ್ಪಣೆ ಕೇಳಿಸಿಕೊಂಡು ಒಂದು ಕ್ಷಣ ಒಡೆಯನ ಮುಖ ನೋಡುತ್ತದೆ ಎನ್ನಿ. ಗೂಬೆ ಹೋಗಿಯೇ ಹೋಗುತ್ತದೆ, ಅಂಕದಲ್ಲಿ ಏನೂ ಬದಲಾಗುವುದಿಲ್ಲ. ಆ ನೋಟ ಮಾತ್ರ ಆಟಗಾರನಿಗೆ ನೆನಪಿರುತ್ತದೆ.

ಜೊತೆಗಾರ ಪಾತ್ರಗಳಿಗಿಂತ ಬಲಶಾಲಿಯಾಗಬಾರದು, ಒಗಟು ಬಿಡಿಸಬಾರದು, ಕೊನೆಯ ಏಟು ಹಾಕಬಾರದು. 2003ರ 3.5 ಆವೃತ್ತಿಯ ಲೀಡರ್‌ಶಿಪ್ ಫೀಟ್‌ನಲ್ಲಿ (ಪಾತ್ರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯದಲ್ಲಿ) ಸಂಗಡಿಗ ನಾಯಕನಿಗಿಂತ ಕನಿಷ್ಠ ಎರಡು ಲೆವೆಲ್ ಕೆಳಗಿರಬೇಕು ಎಂದದ್ದು ಇದಕ್ಕೇ. ಅದರಲ್ಲಿ ಇನ್ನೊಂದು ಒಳ್ಳೆಯ ಮಾತಿದೆ: ಹಿಂದಿನ ಸಂಗಡಿಗನ ಸಾವಿಗೆ ನೀವೇ ಕಾರಣರಾಗಿದ್ದರೆ ಮುಂದಿನವನನ್ನು ಕರೆಯುವಾಗ ನಿಮ್ಮ ನಾಯಕತ್ವದ ಅಂಕದಿಂದ 2 ಕಡಿತ. ಯಾವ ಆವೃತ್ತಿ ಆಡಿದರೂ ಇದನ್ನು ತೆಗೆದುಕೊಳ್ಳಿ. ಛತ್ರದಲ್ಲಿ ಸುದ್ದಿ ಹರಡುತ್ತದೆ, ಮಾರನ ಹಿಂದೆ ಬಂದವನು ಎರಡು ಪಟ್ಟು ಕೂಲಿ ಕೇಳುತ್ತಾನೆ.

ಪಾತ್ರಕ್ಕೂ ಜೊತೆಗಾರನಿಗೂ ಪ್ರೇಮ ಹುಟ್ಟುವ ಸೂಚನೆ ಕಂಡರೆ ಆಟ ನಿಲ್ಲಿಸಿ, ಪಾತ್ರದ ಹೆಸರು ಬಿಟ್ಟು ಆಟಗಾರರ ಹೆಸರು ಹಿಡಿದು ಕೇಳಿ: ಇದು ಎಲ್ಲರಿಗೂ ಸರಿಯೇ, ಎಲ್ಲಿಗೆ ಪರದೆ ಎಳೆಯೋಣ? ಒಬ್ಬರು ತಡವರಿಸಿದರೂ ಆ ಎಳೆಯನ್ನು ಅಲ್ಲೇ ಬಿಡಿ.

ನಿಷ್ಠೆ ಸೊನ್ನೆಗೆ ಇಳಿದಾಗ ಅನೇಕ ಡಿಎಂಗಳ ಕೈ ನೇರ ದ್ರೋಹದ ಕಡೆ ಹೋಗುತ್ತದೆ: ರಾತ್ರಿ ಕತ್ತಿ, ಶತ್ರುವಿಗೆ ಗುಟ್ಟು. ಹಾಗೆ ಮಾಡಬೇಡಿ. ಒಮ್ಮೆ ಬೆನ್ನಿಗೆ ಇರಿತ ಬಿದ್ದರೆ ಆ ಗುಂಪು ಮುಂದೆ ಯಾರನ್ನೂ ಜೊತೆಗೆ ಕರೆಯುವುದಿಲ್ಲ, ಕರೆದರೂ ಕೈಕಟ್ಟಿ ನಡೆಸುತ್ತದೆ. ಮಾರ ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಹೊರಟಿರಲಿ. ತನ್ನ ಬಾಕಿ ಕೂಲಿಯನ್ನಷ್ಟೇ ಎಣಿಸಿ ತೆಗೆದುಕೊಂಡಿರಲಿ. ನೀವು ಕೊಡಿಸಿದ ಗುರಾಣಿಯನ್ನು ಗೋಡೆಗೆ ಒರಗಿಸಿ, ಉಳಿದ ದೀವಟಿಗೆಗಳನ್ನು ಒದ್ದೆಯಾಗದ ಹಾಗೆ ಕಟ್ಟಿಟ್ಟು ಹೋಗಿರಲಿ.